ವಿಮಾನದ ಎಂಟು, ನಮ್ಮ ಎರಡು

ಬುಕೋಬಾ ವಿಮಾನ ನಿಲ್ದಾಣದ ಬಾಗಿಲು ತೆರೆಯುವ ಮೊದಲೇ ಕೊಕುಶುಬಿರಾ ತೂಕದ ಯಂತ್ರ ಒರೆಸಿಟ್ಟು, ಫೋನ್ ಕಿವಿಗಿಟ್ಟುಕೊಂಡಿದ್ದಾರೆ. ಸರೋವರದ ಕಡೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹನ್ನೆರಡು ಸೀಟಿನ ವಿಮಾನ ಎಂಟಕ್ಕೆ ಸರೋವರದಾಚೆಯ ಮ್ವಾನ್ಜಾಕ್ಕೆ ಹೊರಡಬೇಕು. ಪಟ್ಟಿಯಲ್ಲಿ ಫೋನಿಗೆ ಸಿಕ್ಕ ಹನ್ನೊಂದು ಹೆಸರಿಗೆ ಗೀಟು ಬಿದ್ದಿದೆ. ಉಳಿದವರು ಕೆಮೊಂಡೊದ ಇಶೆಂಗೋಮಾ ತಾತ. ನಿನ್ನೆ ಸಂಜೆಯಿಂದ ಅವರ ಫೋನ್ ಬಂದ್. ಅವರ ಕಣ್ಣಿಗೆ ಆಪರೇಷನ್ ಮಾಡಬೇಕಾದ ಡಾಕ್ಟರು ಇವತ್ತು ಮಧ್ಯಾಹ್ನವೇ ಮ್ವಾನ್ಜಾ ಬಿಡುತ್ತಾರೆ.

ಅಂತೂ ತಾತ ಸಿಕ್ಕರು.

"ಮಗ ಹೇಳಿದಾನಲ್ಲಮ್ಮ, ಎಂಟಕ್ಕೆ ಅಂತ. ಬಾಳೆಕಾಯಿ ಬೇಯ್ತಿದೆ. ಊಟ ಮುಗಿಸ್ಕೊಂಡು ನಿಧಾನಕ್ಕೆ ಬರ್ತೀನಿ."

"ತಾತಾ, ಅದು ವಿಮಾನದ ಎಂಟು. ನಮ್ಮ ಎರಡು. ಬಾಳೆಕಾಯಿ ಒಲೆ ಮೇಲೇ ಇರ್ಲಿ, ಮೊದಲು ಬೈಕ್ ಹತ್ತಿ."

ನಮ್ಮಲ್ಲಿ ಗಂಟೆ ಎಣಿಸುವುದು ಬೆಳಕು ಹರಿದಾಗಿನಿಂದ. ಟಿಕೆಟ್ಟಿನ ಏಳು ನಮಗೆ ಒಂದು, ಎಂಟು ನಮಗೆ ಎರಡು. ನಮ್ಮ ಎಂಟು ಅಂದರೆ ಹೊತ್ತು ನೆತ್ತಿಯಿಂದ ಇಳಿದಿರುತ್ತದೆ. ಗೋಡೆ ಗಡಿಯಾರ ನೋಡಿ ಯಾರೂ ತಪ್ಪುವುದಿಲ್ಲ. ಬೇರೆ ಊರಲ್ಲಿ ಕೂತ ಮಗ ಟಿಕೆಟ್ಟಿನ ಅಂಕಿಯನ್ನು ಇದ್ದಹಾಗೇ ಓದಿ ಹೇಳಿದಾಗ ಎಡವಟ್ಟಾಗುತ್ತದೆ.

ಈ ಎಡವಟ್ಟು ಕೊಕುಶುಬಿರಾ ಅವರಿಂದಲೂ ಆಗಿದೆ. ಹದಿನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತು. ಕಣ್ಣು ತೋರಿಸಲು ಮ್ವಾನ್ಜಾಕ್ಕೆ ಹೊರಟಿದ್ದ ಅವ್ವನಿಗೆ ಪಟ್ಟಿಯಲ್ಲಿದ್ದ ಅಂಕಿಯನ್ನೇ ಹೇಳಿಬಿಟ್ಟರು. ಅವತ್ತು ಇವರಿಗೆ ರಜೆ ಬೇರೆ. ಅವ್ವ ಬರುವಷ್ಟರಲ್ಲಿ ವಿಮಾನ ಹೋಗಿ ತಿರುಗಿಯೂ ಬಂದಿತ್ತು. ಹಡಗು ಹತ್ತಿ ಮರುದಿನ ಮ್ವಾನ್ಜಾ ಸೇರಿದಾಗ ಡಾಕ್ಟರಿರಲಿಲ್ಲ. ಒಂದು ಕಣ್ಣು ಉಳಿಯಲಿಲ್ಲ.

"ಅವ್ವ ಬೈಲೇ ಇಲ್ಲ. 'ನಿನ್ನ ಅಡುಗೆ ನೋಡೋಕೆ ಒಂದೇ ಕಣ್ಣು ಸಾಕು ಬಿಡು' ಅಂದ್ಲು. ಬೈದಿದ್ರೆ ಮರೀತಿದ್ನೇನೋ," ಎನ್ನುತ್ತಾರೆ.

ಆಗಿನಿಂದ ದಿನಾ ಸಂಜೆ ಹನ್ನೆರಡು ಮಂದಿಗೂ ಫೋನ್. ಯಾರೂ ವಹಿಸಿದ ಕೆಲಸವಲ್ಲ ಇದು. ವಹಿಸಿದ್ದು ತೂಕ ಹಾಕುವುದನ್ನು ಮಾತ್ರ: ಮನುಷ್ಯರು, ಚೀಲ, ಒಣಮೀನು, ಹುರಿದ ಮಿಡತೆಯ ಡಬ್ಬಿ. ಸಾಮಾನು ಹದಿನೈದು ಕಿಲೋ ಮೀರಿದರೆ ಸ್ವಂತ ಭಾವನ ಬಾಳೆಗೊನೆಯನ್ನೂ ಇಳಿಸುತ್ತಾರೆ. ಬೈಗುಳವೆಲ್ಲ ಇವರಿಗೆ, ನಮಸ್ಕಾರ ಪೈಲಟ್ಟಿಗೆ. ಪಕ್ಕದಲ್ಲಿ ನಿಂತು ನೋಡುವ ನನಗೆ ಮೈ ಉರಿಯುತ್ತದೆ, ಅವರು ನಗುತ್ತಾರೆ.

ಎಂಟಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ತಾತ ಬೈಕಿನಿಂದ ಇಳಿಯುತ್ತಾರೆ. ಅಂಗಿಯ ಗುಂಡಿ ಮೇಲೆ ಕೆಳಗಾಗಿದೆ. ಕೊಕುಶುಬಿರಾ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ.

"ಹೆದರಿಕೆಗೆ ಎರಡು ಕಿಲೋ ಇಳಿದುಹೋಗಿದೀರಿ ತಾತಾ."

"ಊಟ ಎಲ್ಲಿ ಮಾಡೋಕೆ ಬಿಟ್ಟೆ ನೀನು?"

ವಿಮಾನ ಸರೋವರದ ಮೇಲೆ ಏರುತ್ತದೆ. ಗೋಡೆಯ ಫಲಕದಲ್ಲಿ 'ಮ್ವಾನ್ಜಾ, 175 ಕಿ.ಮೀ., 40 ನಿಮಿಷ' ಎಂದಿದೆ. ನಿಮ್ಮ ಹೆಸರೂ ಅಲ್ಲಿರಬೇಕಿತ್ತು ಎಂದೆ.

"ಅಯ್ಯೋ, ಆ ನಲವತ್ತು ನಿಮಿಷ ಪೈಲಟ್ಟಿಂದು," ಎನ್ನುತ್ತಾರೆ ಕೊಕುಶುಬಿರಾ, ತಾತನ ಹೆಸರಿಗೆ ಗೀಟು ಹಾಕುತ್ತಾ. "ಅವರ ಎಂಟಕ್ಕೂ ನಮ್ಮ ಎಂಟಕ್ಕೂ ನಡುವೆ ಆರು ಗಂಟೆ ಇದೆಯಲ್ಲ, ಅದನ್ನ ದಾಟಿಸೋದು ನಾನು."