ಮಂಗಳವಾರ, ಶುಕ್ರವಾರದ ‘ನಿಲ್’

ಮೊದಲು ಬಾತುಕೊಂಡದ್ದು ಕಣ್ಣಿನ ರೆಪ್ಪೆ. ಬೆಳಿಗ್ಗೆ ಎದ್ದ ನನ್ನ ಆರು ವರ್ಷದ ಮಗಳು ನೀಲಾಗೆ ಕಣ್ಣು ಬಿಡಲಾಗಲಿಲ್ಲ. ಹುಳ ಕಚ್ಚಿರಬೇಕು ಅಂದುಕೊಂಡೆ. ಅತ್ತೆ ಉಪ್ಪು, ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು. ಮಧ್ಯಾಹ್ನಕ್ಕೆ ಬಾವು ತಾನಾಗಿಯೇ ಇಳಿಯಿತು. ಅತ್ತೆಯ ಮುಖದಲ್ಲಿ ಗೆದ್ದ ಕಳೆ. ವಾರದೊಳಗೆ ಕಾಲುಗಳೂ ಬಾತುಕೊಂಡವು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಸವದತ್ತಿಯ ಡಾಕ್ಟರು ಒಮ್ಮೆ ಒತ್ತಿ ನೋಡಿದವರೇ ಬೆಳಗಾವಿಗೆ ಚೀಟಿ ಬರೆದುಕೊಟ್ಟರು.

ಕಿಡ್ನಿ.

ಅದು ಮುದುಕರಿಗೆ, ಕುಡುಕರಿಗೆ ಬರುವ ರೋಗ ಅಂತ ತಿಳಿದಿದ್ದೆ. ಬೆಳಗಾವಿಯ ದೊಡ್ಡ ಡಾಕ್ಟರು ಮಕ್ಕಳ ಕಿಡ್ನಿಯ ಬಗ್ಗೆಯೇ ರಿಸರ್ಚ್ ಮಾಡುತ್ತಿದ್ದವರು. ನನ್ನ ಮುಂದೆ ಒಂದು ಟೆಸ್ಟ್ ಟ್ಯೂಬ್ ಹಿಡಿದರು. ಒಳಗಿದ್ದದ್ದು ನೀಲಾಳ ಮೂತ್ರ, ತಿಳಿಯಾಗಿಯೇ ಇತ್ತು. ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಒಂದು ಹನಿ ಆ್ಯಸಿಡ್ ಬಿಟ್ಟರು. ನೋಡನೋಡುತ್ತ ಅದು ಒಡೆದ ಹಾಲಿನ ಹಾಗೆ ಬೆಳ್ಳಗೆ ಗಡ್ಡೆ ಕಟ್ಟಿತು.

“ಇದು ಪ್ರೋಟೀನ್ ರೀ. ರಕ್ತದಾಗ ಇರಬೇಕಾದ್ದು ಸೋರಿ ಹೊರಗ ಹೊಂಟೈತಿ. ದಿನಾ ಮುಂಜಾನೆ ಮನ್ಯಾಗ ಹಿಂಗ ಕಾಸಿ ನೋಡ್ರಿ. ತಿಳಿ ಇದ್ರ ನಿಲ್, ಅಂದ್ರ ಏನೂ ಇಲ್ಲ. ಮಸಕಾದ್ರ ಒಂದು ಪ್ಲಸ್. ಗಡ್ಡಿ ಕಟ್ಟಿದ್ರ ಮೂರು ಪ್ಲಸ್. ಎಲ್ಲಾ ಬುಕ್‌ನಾಗ ಬರೀರಿ. ಸಾಲಾಗಿ ಮೂರು ದಿನ ಗಡ್ಡಿ ಕಟ್ಟಿತಂದ್ರ ಎಸ್‌ಟಿಡಿ ಬೂತಿಗೆ ಹೋಗಿ ನನಗ ಫೋನ್ ಮಾಡ್ರಿ.”

ನಾನು ಹತ್ತನೇ ತರಗತಿ ಫೇಲಾದವಳು. ಉಗರಗೋಳದಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಭಂಡಾರದ ಅರಿಶಿಣ ಮಾರುವವಳು. ಅಂಥವಳು ಹಿತ್ತಲಲ್ಲಿ ಕುಳಿತು ಮಗಳ ಕಿಡ್ನಿಯೊಳಗಿನ ಸುದ್ದಿ ಓದುವಂತಾಯಿತು! ಸ್ಟೀರಾಯ್ಡ್ ಮಾತ್ರೆ ಶುರುವಾದ ಎರಡನೇ ವಾರ, ಒಂದು ಬೆಳಿಗ್ಗೆ ಎಷ್ಟು ಕುದಿಸಿದರೂ ಟ್ಯೂಬು ತಿಳಿಯಾಗಿಯೇ ಉಳಿಯಿತು. ನಾನು ದಂಗಾದೆ. ಅಂಗಡಿಯಲ್ಲಿದ್ದ ಗಂಡನನ್ನು ಕೂಗಿ ಕರೆದು ತೋರಿಸಿದೆ. ಆತ ಕೈ ಮುಗಿದ. ಟ್ಯೂಬಿಗೆ!

ಅತ್ತೆಯದು ಮಾತ್ರ ಒಂದೇ ತಕರಾರು. “ಮಂಗಳಾರ, ಶುಕ್ರಾರ ಯಲ್ಲವ್ವನ ವಾರ. ಆವತ್ತ ಮನ್ಯಾಗ ಉಚ್ಚಿ ಕಾಸೂದು ನಡ್ಯೂದಿಲ್ಲ ನೋಡು.”

ಅತ್ತೆಯೆದುರು ನನ್ನ ಮಾತು ಎಂದೂ ನಡೆದಿಲ್ಲ. ಅಲ್ಲದೆ ಆ ಎರಡು ದಿನ ಅಂಗಡಿಯಲ್ಲಿ ಉಸಿರು ಬಿಡಲೂ ಪುರಸೊತ್ತಿರುವುದಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಹಾಯೆನಿಸಿತು. ಬುಕ್ಕಿನಲ್ಲಿ ಖಾಲಿ ಬಿಟ್ಟರೆ ಡಾಕ್ಟರು ಬೈದಾರು. ದೇವಿಯ ವಾರ ಕೆಟ್ಟದ್ದನ್ನಂತೂ ಬರೆಯಬಾರದು. ಹಾಗಾಗಿ ನೋಡದೆಯೇ ‘ನಿಲ್’ ಅಂತ ಬರೆಯತೊಡಗಿದೆ.

ಏಳು ತಿಂಗಳು ಸುಸೂತ್ರ ನಡೆಯಿತು. ನೆಗಡಿಯಾದಾಗ ಆಗೀಗ ಎರಡು ದಿನ ಒಂದು ಪ್ಲಸ್ ಬರುತ್ತಿತ್ತು, ಬುಕ್ಕಿನ ಮಂಗಳವಾರ, ಶುಕ್ರವಾರಗಳಲ್ಲಿ ಮಾತ್ರ ಎಂದೂ ಇಲ್ಲ. ಆಮೇಲೆ ಒಂದು ಬುಧವಾರ ಗಡ್ಡೆ ಕಟ್ಟಿತು. ಗುರುವಾರವೂ ಕಟ್ಟಿತು. ಶುಕ್ರವಾರ ಕಾಯಿಸಲಿಲ್ಲ, ‘ನಿಲ್’ ಬರೆದೆ. ಶನಿವಾರ ಮತ್ತೆ ಗಡ್ಡೆ. ನಡುವೆ ಒಂದು ದಿನ ನಿಲ್ ಇತ್ತಲ್ಲ ಅಂತ ಬುಕ್ ನೋಡಿ, ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಿದೆ. ನನ್ನ ಬುದ್ಧಿಗಿಷ್ಟು! ನಾನೇ ಬರೆದ ಸುಳ್ಳನ್ನು ನಾನೇ ನಂಬಿದ್ದೆ.

ಭಾನುವಾರ ನೀಲಾ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಮೈ ಸುಡುತ್ತಿತ್ತು.

ಸೋರಿಕೆಯಿಂದ ಹೊಟ್ಟೆಯಲ್ಲಿ ತುಂಬಿದ್ದ ನೀರಿಗೆ ಇನ್‌ಫೆಕ್ಷನ್ ಆಗಿತ್ತು. ಬೆಳಗಾವಿಯಲ್ಲಿ ನಾಲ್ಕು ದಿನ ಐಸಿಯು. ಮಗು ಉಳಿಯುತ್ತದೆ ಅಂತ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಐದನೇ ದಿನ ಜ್ವರ ಬಿಟ್ಟಿತು. ಆಗ ಡಾಕ್ಟರು ಬುಕ್ ತರಿಸಿಕೊಂಡು ಒಂದೊಂದೇ ಪುಟ ತಿರುವಿದರು.

“ಏನ್ರಿ ತಾಯಿ, ನಿಮ್ಮ ಮಗಳ ಕಿಡ್ನಿ ಮಂಗಳಾರ, ಶುಕ್ರಾರ ಸೂಟಿ ತಗೋತಾವೇನ್ರಿ?”

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಏಳು ತಿಂಗಳು ನಮ್ಮ ಮನೆಯೊಳಗೆ ನಡೆದದ್ದನ್ನು ಈ ಮನುಷ್ಯ ಬರೀ ಪ್ಲಸ್, ನಿಲ್ ನೋಡಿ ಹಿಡಿದುಬಿಟ್ಟಿದ್ದ. ಅಳುತ್ತ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಮಾತ್ರೆಗೆ ಸೋರಿಕೆ ಬೇಗ ನಿಲ್ಲದ್ದರಿಂದ ಬಯಾಪ್ಸಿ ಮಾಡಿದರು. ಸೂಜಿಯಿಂದ ತೆಗೆದ ಎಳೆಯಷ್ಟು ಚೂರು. ಅದನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನನ್ನನ್ನೂ ಅತ್ತೆಯನ್ನೂ ಕರೆದು ತೋರಿಸಿದರು. ಗುಲಾಬಿ ಬಣ್ಣದ ನಡುವೆ ದುಂಡನೆಯ ನೂಲಿನ ಉಂಡೆಗಳು. ರಕ್ತ ಸೋಸುವ ಇಂಥ ಜರಡಿ ಒಂದೊಂದು ಕಿಡ್ನಿಯಲ್ಲೂ ಲಕ್ಷಗಟ್ಟಲೆ ಇವೆಯಂತೆ! ನಾನು ಹೊತ್ತು ಹೆತ್ತ ಮಗಳೊಳಗೆ ಇಷ್ಟೆಲ್ಲ ಇತ್ತೇ?

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. “ಇದ್ರಾಗ ತೂತು ಎಲ್ಲಿ ಬಿದ್ದೈತ್ರಿ?”

“ಎಲ್ಲೂ ಕಾಣೂದಿಲ್ರೀ ಅಮ್ಮಾರ. ಇದ್ರಾಗ ನೋಡಿದ್ರ ಎಲ್ಲಾ ಛಲೋ ಅದಾವ. ಆದ್ರೂ ಸೋರ್ತಾವ. ಯಾಕಂತ ನಮಗೂ ಇನ್ನೂ ಪೂರಾ ಗೊತ್ತಿಲ್ಲ, ಹುಡುಕಾಕ ಹತ್ತೇವಿ. ಇಂಥ ಮಕ್ಕಳ ಬುಕ್ ಎಲ್ಲಾ ಕೂಡಿಸಿ, ರೋಗ ಯಾವಾಗ ತಿರುಗಿ ಬರ್ತೈತಿ ಅಂತ ನೋಡ್ತೇವಿ. ನೀಲಾನ ಬುಕ್ಕೂ ಕೊಡ್ತೀರೇನು?”

ಅಷ್ಟು ಓದಿದವರು ‘ಗೊತ್ತಿಲ್ಲ’ ಅಂದದ್ದು ಕೇಳಿ ಅತ್ತೆ ಅವರ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

“ಶಾಂತಾ, ಪೆನ್ನ ತಗೋ. ಆ ಮಂಗಳಾರ, ಶುಕ್ರಾರದ್ದೆಲ್ಲಾ ಹೊಡದ ಹಾಕು. ಅದನ್ನ ಖರೆ ಅಂತ ನಂಬಿ ಮತ್ತ್ಯಾರದರ ಕೂಸಿಗೆ ಔಷಧ ತಪ್ಪಿದ್ರ ಏನ್ ಮಾಡೂದು?” ಡಾಕ್ಟರಿಗೆ ಅಂದರು, “ಆಕಿದೇನೂ ತಪ್ಪಿಲ್ರೀ ಸಾಹೇಬ್ರ. ಕಾಸಬ್ಯಾಡ ಅಂದಾಕಿ ನಾನ.”

ಮದುವೆಯಾಗಿ ಹತ್ತು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಕೇಳಿದ್ದು ಅದೇ ಮೊದಲು. ವಾರ್ಡಿನ ಬೆಂಚಿನ ಮೇಲೆ ಕುಳಿತು ಒಂದೊಂದೇ ಸುಳ್ಳಿನ ಮೇಲೆ ಗೆರೆ ಎಳೆದೆ. ಅತ್ತೆ ಪುಟ ತಿರುವಿಕೊಟ್ಟರು.

ಮನೆಗೆ ಬಂದ ಮೇಲಿನ ಮೊದಲ ಮಂಗಳವಾರ. ಸ್ನಾನ, ಪೂಜೆ ಮುಗಿಸಿ ಹಣೆಗೆ ಭಂಡಾರ ಹಚ್ಚಿಕೊಂಡ ಅತ್ತೆ ಹಿತ್ತಲಿಗೆ ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತರು. ಟ್ಯೂಬು ಕುದಿಯಿತು. ಮಸುಕಾಯಿತು. ಒಂದು ಪ್ಲಸ್. ನನ್ನ ಪೆನ್ನು ಹಾಗೇ ನಿಂತಿತು.

“ಬರಿ,” ಅಂದರು ಅತ್ತೆ. “ಇದ್ದದ್ದ ಇದ್ದಾಂಗ ಬರಿ. ಯಲ್ಲವ್ವಗೇನ್ ಗೊತ್ತಿಲ್ಲೇನು?”

ಬರೆದೆ.

ರೋಗ ಪೂರ್ತಿ ಹೋಗಿಲ್ಲ. ಮಾತ್ರೆಯಿಂದ ನೀಲಾಳ ಕೆನ್ನೆಗಳು ಇನ್ನೂ ಊದಿಕೊಂಡೇ ಇವೆ. ಸೋರಿಕೆ ತಿರುಗಿ ಬರಬಹುದು ಅಂತ ಡಾಕ್ಟರು ಹೇಳಿಯೇ ಕಳಿಸಿದ್ದಾರೆ. ಆದರೆ ಎರಡು ತಿಂಗಳಿಂದ ಹೊಸ ಬುಕ್ಕಿನಲ್ಲಿ ದಿನವೂ ನಿಲ್ ಇದೆ. ಮಂಗಳವಾರ, ಶುಕ್ರವಾರವೂ ನಿಲ್, ಕಾಯಿಸಿ ನೋಡಿ ಬರೆದದ್ದು.