ಗೂಂಡಾಗಳಿಲ್ಲದ ದಾವೆ

“ಅವ್ನು ಬೈದ್ನಂತಾ? ನನ್ನಾ? ಬೈಯಿಸ್ಕೊಂಡು ನಾನು ಸುಮ್ಕೆ ಬಂದ್ನಂತಾ?”

ಅರಕಲಗೂಡಿನ ವಕೀಲರ ಆಫೀಸಿನಲ್ಲಿ ನಮ್ಮ ಜಯಕ್ಕ ಪೆನ್ನನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತಾಗ ಪಕ್ಕದ ಜೆರಾಕ್ಸ್ ಅಂಗಡಿಯವರೂ ಇಣುಕಿ ನೋಡಿದರು. ದಾವೆ ಟೈಪಾಗಿತ್ತು. ಸಹಿಯೊಂದೇ ಬಾಕಿ. ಜಯಕ್ಕ ಹಾಕಲಿಲ್ಲ.

ಜಯಕ್ಕ ನನ್ನ ದೊಡ್ಡಮ್ಮನ ಮಗಳು. ಮಲ್ಲಿಪಟ್ಟಣದ ಹತ್ತಿರದ ಹಳ್ಳಿಗೆ ಕೊಟ್ಟಿದ್ದು. ಭಾವ ತೀರಿಕೊಂಡ ಮೇಲೂ ಹೊಗೆಸೊಪ್ಪಿನ ಬೇಸಾಯ ಬಿಟ್ಟವಳಲ್ಲ. ಅವಳ ಹೊಲಕ್ಕೆ ಹೋಗುವ ಗಾಡಿದಾರಿ ಮೈದುನ ನಂಜೇಗೌಡನ ಹೊಲದ ಅಂಚಿನಲ್ಲೇ ಹಾಯುತ್ತದೆ. ಅಣ್ಣತಮ್ಮಂದಿರು ಭಾಗವಾದಾಗ ಇಬ್ಬರಿಗೂ ಅಂತ ಬಿಟ್ಟ ದಾರಿ. ಒಂದು ಬೆಳಿಗ್ಗೆ ನೋಡಿದರೆ ಅದಕ್ಕೆ ಕಬ್ಬಿಣದ ಗೇಟು. ಗೇಟಿಗೆ ಬೀಗ.

ಯಾಕೆ? ಜಯಕ್ಕನ ಹಸು ಹಗ್ಗ ಕಿತ್ತುಕೊಂಡು ಹೋಗಿ ಅವನ ರಾಗಿ ಪೈರು ಮೇದಿತ್ತು. (ಒಂದೇ ಸಲ ಎಂಬುದು ಜಯಕ್ಕನ ವಾದ. ಹಸುವಿನ ವಾದ ಗೊತ್ತಿಲ್ಲ.) ನಂಜೇಗೌಡ ಜಗಳಕ್ಕೆ ಬರಲಿಲ್ಲ. ಮಾತು ಬಿಟ್ಟ. ಆಮೇಲೆ ಗೇಟು ಹಾಕಿದ.

ಹೊಗೆಸೊಪ್ಪು ಕಿತ್ತ ಮೇಲೆ ಅದನ್ನು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಬೇಗ ಸಾಗಿಸಬೇಕು. ತಡವಾದರೆ ಎಲೆ ಹಾಳು. ಟ್ರ್ಯಾಕ್ಟರ್ ಬರುವಂತಿಲ್ಲವಾದ್ದರಿಂದ ಆ ಸಲ ಆಳುಗಳು ಸೊಪ್ಪಿನ ಹೊರೆಗಳನ್ನು ತಲೆಯ ಮೇಲೆ ಹೊತ್ತು ನಾಲೆಯ ಏರಿ ಮೇಲೆ ಸುತ್ತಿ ಬಂದರು. ಮುಂದಿನ ಸಲ ನಾವು ಬರಲ್ಲ ಅಂತಲೂ ಹೇಳಿ ಹೋದರು. ಹಾಸನದಲ್ಲಿದ್ದ ನನಗೆ ಜಯಕ್ಕನ ಫೋನ್ ಬಂದದ್ದು ಆಗಲೇ. “ನೀನು ಪೇಪರ್‌ಗೆಲ್ಲ ಬರೀತೀಯಲ್ಲ ಕುಸ್ಮಾ, ಬಾ. ಕೋರ್ಟಿಗೆ ಆಕ್ಬೇಕು.”

ವಕೀಲ ಕಿರಣ್ ಕಷ್ಟಪಟ್ಟೇ ದಾವೆ ಬರೆದಿದ್ದರು. ಅದರ ಪ್ರಕಾರ ನಂಜೇಗೌಡ “ತನ್ನ ಗೂಂಡಾ ಸಹಚರರೊಂದಿಗೆ ಮಾರಕಾಸ್ತ್ರಗಳನ್ನು ಹಿಡಿದು ಸದರಿ ಸ್ವತ್ತಿನೊಳಕ್ಕೆ ಅಕ್ರಮವಾಗಿ ಪ್ರವೇಶಿಸಿ, ವಾದಿಯನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೊಲೆ ಬೆದರಿಕೆ ಒಡ್ಡಿ, ವಾದಿಯು ನೆರೆಹೊರೆಯವರ ನೆರವಿನಿಂದ ಪ್ರಾಣಾಪಾಯದಿಂದ ಪಾರಾಗಿ...” ಪುಟದ ತಲೆಯಲ್ಲಿ ಹೊರಟ ವಾಕ್ಯ ಬುಡ ಮುಟ್ಟಿದರೂ ಅದಕ್ಕೆ ಕ್ರಿಯಾಪದ ಸಿಕ್ಕಿರಲಿಲ್ಲ. ಗೇಟು ಎಲ್ಲಿದೆ ಅಂತ ಹುಡುಕಿದೆ. ಕೊನೆಗೆ ಸಿಕ್ಕಿತು. “ಇತ್ಯಾದಿ ಅಡಚಣೆಗಳು” ಎಂಬಲ್ಲಿ ಮುದುರಿ ಕೂತಿತ್ತು.

“ನಂಜನ ಜೊತೆ ಗೂಂಡಾಗಳಾ? ಅವ್ನ ಇಂದೆ ಅವ್ನ ನಾಯಿನೂ ಬರಾಕಿಲ್ಲ ಸಾ!” ಅಂದಳು ಜಯಕ್ಕ.

“ಎಲ್ಲಾ ದಾವೇಲೂ ಹೀಗೇ ಬರೆಯೋದಮ್ಮ. ಬೆದರಿಕೆ ಇಲ್ಲದಿದ್ದರೆ ಅರ್ಜೆಂಟು ಅಂತ ಜಡ್ಜ್‌ಗೆ ಹೇಗೆ ಗೊತ್ತಾಗಬೇಕು?”

“ನಾಳಿಕ್ಕೆ ಜಡ್ಜು ಕಟಕಟೇಲಿ ನಿಲ್ಸಿ, ಏನಂತ ಬೈದ ಅಂದ್ರೆ ನಾನೇನ್ ಯೋಳ್ಲಿ? ಜಯಮ್ಮ ಬಾಯ್ ಮುಚ್ಕೊಂಡು ಬೈಯಿಸ್ಕೊಂಡ್ ಬಂದ್ಲು ಅಂತ ಊರೋರು ಆಡ್ಕಳಲ್ವಾ?”

ಗಮನಿಸಿ. ಇದು ಸತ್ಯನಿಷ್ಠೆಯಲ್ಲ, ಮರ್ಯಾದೆ ಪ್ರಶ್ನೆ. ಆದರೂ ಫಲ ಒಂದೇ. ಸುಳ್ಳಿಗೆ ಸಹಿ ಬೀಳಲಿಲ್ಲ.

ಕಿರಣ್‌ಗೆ ಸಾಕಾಯಿತು. “ಹಾಗಾದರೆ ಮೇಡಂ, ಆಗಿದ್ದನ್ನು ನೀವೇ ಬರೆದುಕೊಡಿ. ಕಾನೂನಿಗೆ ನಾನು ಹೊಂದಿಸ್ತೀನಿ” ಅಂದರು. ನನಗೆ ಖುಷಿಯೋ ಖುಷಿ. ವಾರ ವಾರ ಬರೆಯುವವಳಿಗೆ ಇದೆಂಥ ಕೆಲಸ? ಅಲ್ಲೇ ಕೂತು ಶುರು ಮಾಡಿದೆ: “ಹಸಿರು ಹೊಲಗಳ ನಡುವೆ ನಿಟ್ಟುಸಿರಿಡುತ್ತ ಹರಿಯುವ ನಾಲೆಯ ಮಗ್ಗುಲಲ್ಲಿ, ತಲೆಮಾರುಗಳ ಹೆಜ್ಜೆಗುರುತು ಹೊತ್ತ ದಾರಿಯೊಂದು...”

ಕಿರಣ್ ಓದಿ ಮೃದುವಾಗಿ ಹೇಳಿದರು. “ಮೇಡಂ, ನಾಲೆ ಈ ಕೇಸಿನಲ್ಲಿ ಪಾರ್ಟಿ ಅಲ್ಲ.”

ಅವರ ಗೂಂಡಾಗಳಿಗೂ ನನ್ನ ನಿಟ್ಟುಸಿರಿಗೂ ಏನು ವ್ಯತ್ಯಾಸ, ಹೇಳಿ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ ಎಂಬ ಭಯ ನಮಗೆಲ್ಲ. ಒಂದು ದಿನದ ರಜೆಗೂ “ತೀವ್ರ ಅನಾರೋಗ್ಯ” ಬೇಕು. ಚನ್ನರಾಯಪಟ್ಟಣದ ನನ್ನ ಗೆಳತಿ ಬೀದಿದೀಪ ಕೆಟ್ಟಿದೆ ಅಂತ ಬರೆದ ದೂರಿನಲ್ಲಿ ತಾಯಂದಿರ ಮಾನಪ್ರಾಣವೆಲ್ಲ ಇತ್ತು. ಕಂಬ ಯಾವುದು ಅಂತ ಇರಲಿಲ್ಲ.

ಕೊನೆಗೆ ಜಯಕ್ಕನನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತ ಹೋದೆವು. ದಾರಿ ಯಾರದು? ಮುಚ್ಚಿದ್ದು ಯಾರು? ಬೇರೆ ದಾರಿ ಇದೆಯಾ? ನಿನಗೇನು ತೊಂದರೆ? ಈಗೇನು ಬೇಕು? ಅವಳು ಹೇಳಿದ ಹಾಗೇ ಬರೆದೆವು. “ಈ ದಾರಿ ನಮ್ಮಿಬ್ಬರದು. ವಿಭಾಗಪತ್ರದಲ್ಲಿ ಇದೆ. ಪ್ರತಿವಾದಿ ನನ್ನ ಮೈದುನ. ದಾರಿಗೆ ಗೇಟು ಇಟ್ಟು ಬೀಗ ಹಾಕಿದ್ದಾರೆ. ನನ್ನ ಹೊಲಕ್ಕೆ ಬೇರೆ ಗಾಡಿದಾರಿ ಇಲ್ಲ. ಬೆಳೆ ಸಾಗಿಸಲು ಆಗುತ್ತಿಲ್ಲ. ಬೀಗ ತೆಗೆಸಿಕೊಡಿ.”

“ಹಸು?” ಅಂತ ನಾನು ಮೆಲ್ಲಗೆ ಕೇಳಿದೆ.

“ಅಸಿನ್ ಇಸ್ಯ ಯಾಕೆ? ಬೇಕಾದ್ರೆ ಅವ್ನೇ ಯೋಳ್ಕಳ್ಳಿ.” (ಜಯಕ್ಕನ ಸತ್ಯಕ್ಕೂ ಬೇಲಿ ಇದೆ.)

ಕಿರಣ್ ಸರ್ವೆ ನಂಬರು, ಚೆಕ್ಕುಬಂದಿ, ಕಾನೂನಿನ ಮಾತು ಸೇರಿಸಿದರು. ಆದರೂ ದಾವೆ ತೆಳ್ಳಗೇ ಉಳಿಯಿತು. “ಇಷ್ಟು ಸಣ್ಣದು ಹಾಕಿದರೆ ಸೀನಿಯರ್‌ಗಳು ನಗ್ತಾರೆ ಮೇಡಂ” ಅಂತ ಪೇಚಾಡಿಕೊಂಡೇ ಹಾಕಿದರು.

ನಂಜೇಗೌಡನ ವಕೀಲರು ಮಾತ್ರ ನಗಲಿಲ್ಲ. ದಪ್ಪನೆಯ ಉತ್ತರವನ್ನೇ ಕೊಟ್ಟರು.

ವಿಚಾರಣೆಯ ದಿನ ನಾನೂ ಕೋರ್ಟಿಗೆ ಹೋಗಿದ್ದೆ. ಜಡ್ಜ್ ಮೇಡಂ ದಾವೆ ಓದಿದರು. ಉತ್ತರ ಓದಿದರು. ಮತ್ತೆ ದಾವೆ ನೋಡಿದರು. ಕನ್ನಡಕ ತೆಗೆದು ಆ ಕಡೆಯ ವಕೀಲರನ್ನು ಕೇಳಿದರು.

“ಪ್ರತಿವಾದಿ ಗೂಂಡಾಗಳ ಜೊತೆ ಬಂದರು ಅನ್ನೋದು ಶುದ್ಧ ಸುಳ್ಳು ಅಂತ ಬರೆದಿದ್ದೀರಿ. ಬಂದರು ಅಂತ ಈಯಮ್ಮ ಎಲ್ಲೂ ಹೇಳೇ ಇಲ್ಲವಲ್ಲ! ನಿಮಗೆ ಯಾರು ಹೇಳಿದರು?”

ಕೋರ್ಟ್ ಹಾಲ್‌ನಲ್ಲಿದ್ದ ವಕೀಲರೆಲ್ಲ ಫೈಲಿನೊಳಗೆ ಮುಖ ಹುದುಗಿಸಿದರು. ಕೆಲವರ ಭುಜ ಕುಣಿಯುತ್ತಿತ್ತು.

“ಇರಲಿ. ಗೇಟಿಗೆ ಬೀಗ ಹಾಕಿರೋದು ಹೌದೋ ಅಲ್ಲವೋ? ಅದಕ್ಕೆ ಉತ್ತರ ಎಲ್ಲಿದೆ?” ವಕೀಲರು ಪುಟ ತಿರುವಿದರು. ಮತ್ತೆ ತಿರುವಿದರು. ಜಡ್ಜ್ ಮುಂದುವರಿಸಿದರು. “ವಾದಿಯು ಪ್ರತಿವಾದಿಯ ಅತ್ತಿಗೆ ಎಂಬುದನ್ನೂ ನಿರಾಕರಿಸಲಾಗಿದೆ. ಇದೂ ನಿಮ್ಮ ಕಕ್ಷಿದಾರರು ಹೇಳಿದ್ದೇನಾ?”

ಹಿಂದಿನ ಬೆಂಚಿನಲ್ಲಿ ಯಾರೋ ದಡಕ್ಕನೆ ಎದ್ದ ಸದ್ದಾಯಿತು. ನಂಜೇಗೌಡ. ಬಾಯಿ ತೆರೆಯುವಷ್ಟರಲ್ಲಿ ಕೋರ್ಟಿನ ಸಿಬ್ಬಂದಿ ಕೈಸನ್ನೆ ಮಾಡಿ ಕೂರಿಸಿದರು. ಜಡ್ಜ್ ಎರಡೂ ಕಡೆಯವರು ಕೂತು ಮಾತಾಡಿ ನೋಡಿ ಅಂತ ಇನ್ನೊಂದು ದಿನ ಕೊಟ್ಟರು.

ಹೊರಗೆ ಬಂದದ್ದೇ ತಡ, ನಂಜೇಗೌಡ ತನ್ನ ವಕೀಲರನ್ನು ಅಡ್ಡಗಟ್ಟಿದ.

“ಅತ್ಗೆ ಅಲ್ಲ ಅಂತ ನಾನ್ಯಾವಾಗ ಯೋಳ್ದೆ ಸಾ? ನಮ್ಮಣ್ಣನ ಎಂಡ್ತಿ ಕಣ್ ಸಾ ಅದು!”

“ಗೌಡ್ರೇ, ಅದು ಫಾರ್ಮಾಲಿಟಿ. ಕೋರ್ಟಲ್ಲಿ ಇಲ್ಲ ಅನ್ನದಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತೆ. ಅದಕ್ಕೇ ಎಲ್ಲದಕ್ಕೂ ಇಲ್ಲ ಅಂದುಬಿಡೋದು.”

“ಎಲ್ಲಾದ್ಕೂವಾ? ಸರಿ, ನನ್ ರಾಗಿ ಮೇಯ್ದಿದ್ದು ಬರ್ದಿದ್ದೀರಾ?”

ಅಷ್ಟು ದಪ್ಪ ಉತ್ತರದಲ್ಲಿ ಹಸು ಇರಲೇ ಇಲ್ಲ. ನಂಜೇಗೌಡ ವಕೀಲರ ಹತ್ತಿರ ಹೋಗಿದ್ದೇ ಆ ಹಸುವಿನ ದೂರು ಹೇಳಿಕೊಳ್ಳಲು.

ನನ್ನ ಪಕ್ಕದಲ್ಲಿದ್ದ ಜಯಕ್ಕ ಯಾವಾಗ ಅಲ್ಲಿಗೆ ನುಗ್ಗಿದಳೋ ಗೊತ್ತಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

“ನಾನು ಅತ್ಗೆ ಅಲ್ದಿದ್ರೆ, ನಿಮ್ಮವ್ವ ಸತ್ಮೇಲೆ ನಿಂಗೆ ಇಟ್ಟಾಕ್ದೋಳು ಯಾರ್ಲಾ ನಂಜ?”

“ಅದ್ನೇ ನಾನೂ ಕೇಳ್ತಿರಾದು ಕಣತ್ಗೆ!”

ಮಾತು ಬಿಟ್ಟ ಮೇಲೆ ಆಡಿದ ಮೊದಲ ಮಾತು. ಇಬ್ಬರಿಗೂ ಒಮ್ಮೆಲೇ ಅದು ಹೊಳೆಯಿತೇನೋ, ಬೇರೆ ಬೇರೆ ಕಡೆ ನೋಡಿದರು. ಆಮೇಲೆ ಜಯಕ್ಕ ಕೋರ್ಟಿನ ಅಂಗಳದ ಬೇವಿನ ಮರದ ಬುಡದಲ್ಲಿ ಕೂತು ಅವನನ್ನು ಚೆನ್ನಾಗಿ ಬೈದಳು. ಅವನೂ ಬೈದ. ಹಸು, ಗೇಟು, ಭಾವನ ತಿಥಿಗೆ ಬಾರದ್ದು, ಎಲ್ಲ ಬಂತು. ಇಬ್ಬರು ವಕೀಲರೂ ದೂರದಲ್ಲಿ ನಿಂತು ಕೇಳಿದರು. ಅವಾಚ್ಯ ಶಬ್ದಗಳೆಂದರೆ ಯಾವುವು ಅಂತ ಅವತ್ತು ಅವರಿಗೆ ಸರಿಯಾಗಿ ಗೊತ್ತಾಗಿರಬೇಕು.

ಕೇಸು ರಾಜಿಯಾಯಿತು. ನಂಜೇಗೌಡ ಗೇಟು ಕೀಳಲಿಲ್ಲ, ಬೀಗ ತೆಗೆದ. ಜಯಕ್ಕ ಹಸುವಿಗೆ ಸರಪಳಿ ಹಾಕಿದಳು, ತಪ್ಪಾಯಿತು ಅನ್ನಲಿಲ್ಲ. ಈ ಸಲ ಸೊಪ್ಪು ಟ್ರ್ಯಾಕ್ಟರಿನಲ್ಲೇ ಬ್ಯಾರನ್ನು ಸೇರಿತು.

ರಾಜಿ ಅರ್ಜಿಯನ್ನು ಇಬ್ಬರು ವಕೀಲರೂ ಸೇರಿಯೇ ಬರೆದರು. ಮೊದಲ ಸಾಲು ಹೀಗಿತ್ತು: “ಊರ ಹಿರಿಯರ ಹಾಗೂ ಹಿತೈಷಿಗಳ ಸಲಹೆಯ ಮೇರೆಗೆ ಉಭಯ ಪಕ್ಷಕಾರರು...”

ಬೇವಿನ ಮರದ ಹತ್ತಿರ ನಾನೇ ಇದ್ದೆನಲ್ಲ, ಈ ಹಿತೈಷಿಗಳು ಬಂದುಹೋದದ್ದು ಯಾವಾಗ?