ಆರಿಸದೆ ಕಾಪಿ ಮಾಡಿದವರು

ಫೋಟೋ ತೆಗೆಯುವ ಚಟ ನನಗೆ ತುಸು ಜಾಸ್ತಿಯೇ. ಇಡ್ಲಿ ಚೆನ್ನಾಗಿ ಉಬ್ಬಿದರೆ ತಿನ್ನುವ ಮೊದಲು ಒಂದು ಫೋಟೋ. ರಾಮನಗರದ ನಮ್ಮ ಮನೆಯ ಎದುರಿನ ಬಂಡೆಗೆ ಮೋಡ ಕವಿದರೆ ಒಂದು, ಸರಿದರೆ ಇನ್ನೊಂದು. ಫೋನಿನಲ್ಲಿ ಜಾಗ ಮುಗಿದಾಗ ನಮ್ಮ ಯಜಮಾನರು ಹಾರ್ಡ್ ಡಿಸ್ಕ್ ತಂದುಕೊಟ್ಟರು. ಎಲ್ಲವನ್ನೂ ಅದಕ್ಕೆ ತುಂಬಿ, ಫೋನಿನಲ್ಲಿದ್ದುದನ್ನು ಅಳಿಸಿ, ಬ್ಯಾಕಪ್ ಮಾಡಿದೆನೆಂದು ಬೀಗಿದೆ. ಎರಡು ಕಡೆ ಇದ್ದರೆ ತಾನೆ ಬ್ಯಾಕಪ್ಪು? ಬಿತ್ತನೆ ರಾಗಿಯನ್ನು ಒಂದೇ ಮಡಕೆಯಲ್ಲಿ ಇಡಬಾರದೆಂದು ನಮ್ಮಜ್ಜಿಗೆ ಗೊತ್ತಿತ್ತು. ಓದಿದ ಮೊಮ್ಮಗಳಿಗೆ ಹೊಳೆಯಲಿಲ್ಲ.

ಹೋದ ವರ್ಷ ನನ್ನ ತಂಗಿ ಪದ್ಮ ತೀರಿಕೊಂಡಳು. ಸೋಲೂರಿನ ಅವಳ ಮನೆಯಲ್ಲಿ ಅವಸರಕ್ಕೆ ಗೋಡೆಗೆ ಹಾಕಿದ್ದು ಆಧಾರ್ ಕಾರ್ಡಿನ ಫೋಟೋ, ದೊಡ್ಡದು ಮಾಡಿಸಿದ್ದು. ಮಾತಿಗೊಮ್ಮೆ ನಗುತ್ತಿದ್ದವಳು ಅದರಲ್ಲಿ ಪೊಲೀಸರು ಹಿಡಿದು ತಂದವಳಂತೆ ಕಾಣುತ್ತಾಳೆ. ಈಚೆಗೆ ಅವಳ ಮಗಳು ರಶ್ಮಿಗೆ ಹೆಣ್ಣುಮಗುವಾಯಿತು. ನಾಮಕರಣಕ್ಕೆ ಮುಂಚೆ ಫೋನ್ ಮಾಡಿದಳು.

"ದೊಡ್ಡಮ್ಮ, ಅವ್ವ ನಗ್ತಿರೋ ಫೋಟೋ ಒಂದು ಕಳ್ಸು. ಇದನ್ನ ತೋರ್ಸಿ ನಿಮ್ಮಜ್ಜಿ ಅಂದ್ರೆ ಮಗಾ ಹೆದ್ರುಕೊಂಡ್ಬುಡ್ತೈತೆ."

ಕಪಾಟಿನಿಂದ ಹಾರ್ಡ್ ಡಿಸ್ಕ್ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದೆ. ಹಲ್ಲಿಯಂತೆ ಲೊಚಗುಟ್ಟಿತು, ಅಷ್ಟೇ. ರಿಪೇರಿ ಅಂಗಡಿಯವರು ಬೆಂಗಳೂರಿಗೂ ಕಳಿಸಿ ನೋಡಿದರು, ಏನೂ ಬರಲಿಲ್ಲ. ರಶ್ಮಿಗೆ ಹೇಳಿದೆ. "ಬುಡು ದೊಡ್ಡಮ್ಮ," ಎಂದು ಫೋನಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಮಗುವಿಗೆ ಗಿಲಕಿ ತರಲು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಶಾಹೀನಾ ಮತ್ತು ಅವಳ ಗಂಡ ಮನೆಯಲ್ಲೇ ಮರದ ಗೊಂಬೆ ಮಾಡಿ ಮಾರುತ್ತಾರೆ. ಆನ್‌ಲೈನಿಗೆ ಹಾಕಲೆಂದು ಒಮ್ಮೆ ಅವರ ಗೊಂಬೆಗಳ ಫೋಟೋ ತೆಗೆದುಕೊಟ್ಟಿದ್ದೆ, ಆಗಿನಿಂದ ಸ್ನೇಹ. ಚಹಾ ಕುಡಿಯುತ್ತಾ ನನ್ನ ಸಂಕಟ ಹೇಳಿಕೊಂಡೆ.

"ಯಾರು, ಪದ್ಮಕ್ಕಂದಾ? ಹುಣಸೇಕಾಯಿ ಕಚ್ಚಿ, ಒಂದು ಕಣ್ಣು ಮುಚ್ಕೊಂಡು ನಗ್ತಾವ್ರಲ್ಲಾ, ಅದಾ?"

ಲೋಟ ಕೆಳಗಿಟ್ಟೆ. ಶಾಹೀನಾ ಪದ್ಮಳನ್ನು ಕಂಡವಳೇ ಅಲ್ಲ.

"ಅವತ್ತು ನಿಮ್ಮ ಡಿಸ್ಕು ಕೊಟ್ಟಿದ್ರಲ್ಲಾ ಅಕ್ಕಾ, ನಮ್ಮೋರು ಗೊಂಬೆ ಫೋಟೋ ಆರ್ಸೋಕೆ ಬೇಜಾರಾಗಿ ಎಲ್ಲಾನೂ ಕಾಪಿ ಹೊಡ್ದ್ಬುಟ್ರು. ಆಮೇಲೆ ಅಳ್ಸೋಕೆ ಮನಸೇ ಬರ್ಲಿಲ್ಲ. ನಮ್ಮತ್ತೆ ಎದ್ದು ಓಡಾಡಲ್ಲ, ನೋಡಿ. ಟೀವೀಲಿ ಹಾಕಿದ್ರೆ ನೋಡ್ಕೊಂಡು ಕೂತಿರ್ತಾರೆ. ಆ ಫೋಟೋಗೆ ಪದ್ಮ ಅಂತ ನೀವೇ ಹೆಸ್ರು ಹಾಕಿದ್ರಲ್ಲಾ."

ಒಳಗೆ ಕರೆದುಕೊಂಡು ಹೋಗಿ ಟೀವಿಗೆ ತಮ್ಮ ಡಿಸ್ಕ್ ಸಿಕ್ಕಿಸಿದಳು. ನನ್ನ ಇಡ್ಲಿಗಳು ಸಾಲಾಗಿ ಬಂದವು, ಬಂಡೆ ಬಂತು, ಮೋಡ ಬಂತು. ಆಮೇಲೆ ಪದ್ಮ. ತೋಟದ ಹುಣಸೆಮರದ ಕೆಳಗೆ, ಸೆರಗು ಸಿಕ್ಕಿಸಿ, ಮುಖವೆಲ್ಲ ಹುಳಿಹುಳಿಯಾಗಿ ನಗುತ್ತಿದ್ದಾಳೆ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಮಂಚದ ಮೇಲಿದ್ದ ಅಜ್ಜಿ, ಶಾಹೀನಾಳ ಅತ್ತೆ, ಕೈ ಚಾಚಿ, "ಬಂದ್ಲು ನೋಡು ನಮ್ಮ ನಗೋಳು!" ಎಂದರು.

ಶಾಹೀನಾಳ ಗಂಡ ಕೆಲಸ ಬಿಟ್ಟು ಬಂದು, ಎಲ್ಲವನ್ನೂ ನನ್ನ ಪೆನ್‌ಡ್ರೈವಿಗೆ ಹಾಕತೊಡಗಿದ. ಜಗತ್ತಿನಲ್ಲಿ ಜಾಗರೂಕರನ್ನು ಹೊಗಳುವವರು ಬಹಳ. ಬೇಕಾದ್ದು ಬೇಡದ್ದು ಆರಿಸಲು ಬೇಸರಪಟ್ಟ ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಜ್ಜಿ ಮಾತ್ರ ಆತಂಕದಿಂದ ನೋಡುತ್ತಿದ್ದರು.

"ಏನ್ ಮಾಡ್ತಾವ್ನೆ?"

"ನನ್ನ ತಂಗಿ ಅಜ್ಜಿ, ಮನೆಗೆ ಕರ್ಕೊಂಡು ಹೋಗ್ತೀನಿ," ಎಂದೆ.

ಅಜ್ಜಿ ಟೀವಿಯತ್ತ ಕೈ ತೋರಿಸಿದರು. "ಕರ್ಕೊಂಡೋಗು ಮಗಾ. ಇಲ್ಲಿರೋಳನ್ನ ಮಾತ್ರ ಇಲ್ಲೇ ಬುಟ್ಟೋಗು."

ಕಾಪಿ ಮಾಡಿದರೆ ಇರುವುದು ಹೋಗುವುದಿಲ್ಲವೆಂದು ವಿವರಿಸಲು ಬಾಯಿ ತೆರೆದವಳು, "ಆಯ್ತಜ್ಜಿ" ಎಂದಷ್ಟೇ ಹೇಳಿ, ತಂಗಿಯನ್ನು ಅಲ್ಲಿಯೂ ಬಿಟ್ಟು ಬಂದೆ.